ಅರವತ್ತೊಂದು ಖಾನೆ

ರೆಸಿಸ್ಟರೊಂದನ್ನು ಅಂಗೈಯಲ್ಲಿ ಇಟ್ಟುಕೊಂಡರೆ ಅದರ ಭಾರವೇ ತಿಳಿಯುವುದಿಲ್ಲ. ಕಾಲು ವ್ಯಾಟಿನ ಆ ಮೈ 6 ಮಿಲಿಮೀಟರಿನ ಆಸುಪಾಸು ಉದ್ದ, ಎರಡೂ ಕಡೆ ತವರ ಬಳಿದ ತಂತಿಯ ಕಾಲು, ನಡುವೆ ಬಣ್ಣದ ಗೆರೆಗಳು: ಹಳದಿ, ನೇರಳೆ, ಕೆಂಪು, ತುಸು ದೂರ ಸರಿದು ಕೂತ ಹೊಂಬಣ್ಣ. ಓದಬಲ್ಲವರಿಗೆ ಅದು 4,700 ಓಮ್, ನೂರಕ್ಕೆ ಐದರಷ್ಟು ಆಚೆ ಈಚೆ. ಕಪ್ಪು ಎಂದರೆ ಸೊನ್ನೆ, ಕಂದು ಒಂದು. ಅಲ್ಲಿಂದ ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ, ನೇರಳೆ ಕಾಮನಬಿಲ್ಲಿನ ಕ್ರಮದಲ್ಲೇ ಎರಡರಿಂದ ಏಳರವರೆಗೆ ನಡೆಯುತ್ತವೆ. ಬೂದುಬಣ್ಣ ಎಂಟು, ಬಿಳಿ ಒಂಬತ್ತು. ಕತ್ತಲೆಯಿಂದ ಹೊರಟು, ಬಣ್ಣಗಳ ನಡುವೆ ಹಾದು, ಬಿಳುಪಿಗೆ ಬಂದು ನಿಲ್ಲುವ ಎಣಿಕೆ ಇದು. ನೆನಪಿನಲ್ಲಿ ಉಳಿಯಲಿ ಎಂದಷ್ಟೇ ಹೀಗೆ ಜೋಡಿಸಿದ್ದರೂ ಜೋಡಿಸಿರಬಹುದು, ಆದರೆ ಮಧ್ಯಾಹ್ನ ಇಳಿಯುವ ಹೊತ್ತಿನಲ್ಲಿ, ಕಿಟಕಿಯಿಂದ ಓರೆಯಾಗಿ ಬಂದ ಬೆಳಕಿಗೆ ಒಂದೊಂದನ್ನೇ ಹಿಡಿದು ತಿರುಗಿಸಿ ಓದುತ್ತಾ ಕೂತಾಗ, ಎಣಿಸುವುದಕ್ಕೂ ನೋಡುವುದಕ್ಕೂ ನಡುವಿನ ಗೆರೆ ಮೆಲ್ಲಗೆ ಅಳಿಸಿಹೋಗುತ್ತದೆ.

ಹಿತ್ತಿಲ ಕಡೆಯ ಈ ಕೋಣೆಯಲ್ಲಿ ಒಂದು ಹಳೆಯ ತೇಗದ ಮೇಜಿದೆ, ಅದರ ಮೇಲೆ ಬೆಸುಗೆ ಹಾಕುವ ಐರನ್, ಮಲ್ಟಿಮೀಟರ್, ಚಿಮಟ, ಹಿಡಿಕೆ ಸವೆದ ಭೂತಗನ್ನಡಿ. ಗೋಡೆಯುದ್ದಕ್ಕೂ ಸಣ್ಣ ಸಣ್ಣ ಖಾನೆಗಳ ಪೆಟ್ಟಿಗೆಗಳು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬರುವಾಗ ಎಲ್ಲವೂ ಪ್ಲಾಸ್ಟಿಕ್ ಕವರಿನಲ್ಲಿ, ಮಡಚಿ ಪಿನ್ನು ಹೊಡೆದ ಕಾಗದದ ಪೊಟ್ಟಣದಲ್ಲಿ, ಯಾರದೋ ಬಿಲ್ಲಿನ ಹಿಂಬದಿಗೆ ಬರೆದ ಅಂಕಿಯೊಂದಿಗೆ ಬರುತ್ತವೆ. ಆ ಓಣಿಗಳ ಹಳೆಯ ಅಂಗಡಿಗಳಲ್ಲಿ ಯಜಮಾನರು ಗಿರಾಕಿಯ ಮುಖ ನೋಡುತ್ತಲೇ ಕೈಯನ್ನು ಹಿಂದಕ್ಕೆ ಚಾಚಿ ಸರಿಯಾದ ಡ್ರಾಯರನ್ನೇ ಎಳೆಯುವುದನ್ನು ಕಂಡಾಗಲೆಲ್ಲ ಗ್ರಂದಿಗೆ ಅಂಗಡಿ ನೆನಪಾಗುತ್ತದೆ. ಅಲ್ಲೂ ಹೀಗೆಯೇ, ನೂರಾರು ಮರದ ಗೂಡುಗಳಲ್ಲಿ ಯಾವುದರಲ್ಲಿ ಅಳಲೆಕಾಯಿ, ಯಾವುದರಲ್ಲಿ ಹಿಪ್ಪಲಿ, ಯಾವುದರಲ್ಲಿ ಬಜೆ ಎಂಬುದು ಕಣ್ಣಿಗಿಂತ ಮೊದಲು ಕೈಗೆ ಗೊತ್ತು, ಮತ್ತು ಪ್ರತಿಯೊಂದು ಗೂಡನ್ನು ಎಳೆದಾಗಲೂ ಅದರದೇ ವಾಸನೆ ಒಂದು ಕ್ಷಣ ಎದ್ದು ಕೂರುತ್ತದೆ. ರೆಸಿಸ್ಟರಿಗೆ ವಾಸನೆಯಿಲ್ಲ. ಆದರೆ ಖಾನೆಯನ್ನು ಎಳೆದಾಗ ತಂತಿಕಾಲುಗಳು ಒಂದಕ್ಕೊಂದು ತಾಗಿ ಏಳುವ ಸಣ್ಣ ಸರಸರ ಸದ್ದೊಂದು ಇದೆ. ಡಯೋಡುಗಳದು ಗಾಜಿನ ಸದ್ದು, ಕೆಪ್ಯಾಸಿಟರುಗಳದು ಮಂದ, ಕಬ್ಬಿಣದ ಸಣ್ಣ ಸ್ಕ್ರೂಗಳದು ಒರಟು. ಕಣ್ಣು ಮುಚ್ಚಿ ಎಳೆದರೂ ಯಾವ ಸಾಲಿನಲ್ಲಿದ್ದೇನೆಂದು ತಿಳಿಯುತ್ತದೆ.

ರೆಸಿಸ್ಟರಿನ ಬಣ್ಣವನ್ನು ಚಾಕುವಿನ ಮೊನೆಯಿಂದ ಕೆರೆದು ನೋಡಿದವರು ಒಳಗಿನದನ್ನು ಮರೆಯಲಾರರು. ಬಿಳಿಯ ಸೆರಾಮಿಕ್ ಕಡ್ಡಿ, ಅದರ ಮೇಲೆ ಇಂಗಾಲದ ತೆಳುವಾದ ಲೇಪ, ಆ ಲೇಪದಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಸುತ್ತಿ ಸುತ್ತಿ ಹೋದ ಗೀರು. ಗೀರು ಕೊರೆದಷ್ಟೂ ವಿದ್ಯುತ್ತಿನ ದಾರಿ ನೀಳವಾಗಿ, ಕಿರಿದಾಗಿ, ರೋಧ ಏರುತ್ತದೆ. ಬೇಕಾದ ಬೆಲೆ ಬಂದ ಕೂಡಲೇ ಯಂತ್ರ ಕೊರೆಯುವುದನ್ನು ನಿಲ್ಲಿಸುತ್ತದೆ, ಆಮೇಲೆ ಬಣ್ಣ ಮುಚ್ಚಿಬಿಡುತ್ತದೆ. ಒಂದೇ ಪೊಟ್ಟಣದ ನೂರರಲ್ಲಿ ನೂರಕ್ಕೂ ತನ್ನದೇ ಸುರುಳಿ, ಯಾರೂ ನೋಡಲೆಂದು ಮಾಡಿದ್ದಲ್ಲದ ಸುರುಳಿ.

ಇವನ್ನು ಖಾನೆಗೆ ಹಾಕಲು ಕೂತರೆ ಮೊದಲು ಎದುರಾಗುವುದು ಒಂದು ವಿಚಿತ್ರ ಸಾಲು: 10, 12, 15, 18, 22, 27, 33, 39, 47, 56, 68, 82. ಇವು ಹನ್ನೆರಡು ಮುಗಿದರೆ ಮತ್ತೆ 100, 120, 150, ಮತ್ತೆ ಸಾವಿರದಿಂದ. 20 ಇಲ್ಲ, 50 ಇಲ್ಲ, ದುಂಡು ಅಂಕಿಗಳಿಗೆ ಒಗ್ಗಿದ ಮನಸ್ಸಿಗೆ ಇದು ಯಾರೋ ಮನಬಂದಂತೆ ಆರಿಸಿದ ಹಾಗೆ ಕಾಣುತ್ತದೆ. ಆದರೆ ಒಂದೊಂದು ಮೆಟ್ಟಿಲೂ ಹಿಂದಿನದಕ್ಕಿಂತ ಸುಮಾರು 1.21 ಪಟ್ಟು ಎತ್ತರ. ಹನ್ನೆರಡು ಸಲ ಹಾಗೆ ಏರಿದರೆ ಸರಿಯಾಗಿ ಹತ್ತು ಮಡಿ. 10ಕ್ಕೆ ನೂರಕ್ಕೆ ಹತ್ತರಷ್ಟು ಕೂಡಿಸಿದರೆ 11. 12ರಿಂದ ಅಷ್ಟೇ ಪಾಲು ಕಳೆದರೆ 10.8, ಹೀಗೆ ಒಂದರ ಅಂಚು ಇನ್ನೊಂದರ ಅಂಚನ್ನು ಹೆಚ್ಚೂಕಡಿಮೆ ತಾಗುತ್ತಾ ಹೋಗುವುದರಿಂದ, ಲೋಕದಲ್ಲಿ ಯಾವ ಬೆಲೆ ಬೇಕಾದರೂ ಅದರ ಪಕ್ಕದಲ್ಲೇ ಇವುಗಳಲ್ಲೊಂದು ನಿಂತಿರುತ್ತದೆ. ಇಂಥ ಯೋಚನೆಯ ಬೇರು 19ನೇ ಶತಮಾನದ ಫ್ರಾನ್ಸಿನಲ್ಲಿದೆ. ಸೇನೆಯ ಎಂಜಿನಿಯರ್ ಶಾರ್ಲ್ ರೆನಾರ್ ಬಲೂನುಗಳಿಗೆ ಕಟ್ಟುತ್ತಿದ್ದ ಹಗ್ಗಗಳ ನೂರಾರು ಅಳತೆಗಳನ್ನು ಇದೇ ಬಗೆಯ ಏರಿಕೆಯಲ್ಲಿ 17ಕ್ಕೆ ಇಳಿಸಿದ. ನನಗಂತೂ ಈ ಸಾಲನ್ನು ಖಾನೆಗಳ ಮೇಲೆ ಬರೆಯುವಾಗ ಹಾಡುವವರ ಹನ್ನೆರಡು ಸ್ವರಸ್ಥಾನಗಳೇ ಕಣ್ಣ ಮುಂದೆ ಬಂದವು. ಅಲ್ಲಿ ಷಡ್ಜದಿಂದ ಹೊರಟು ಮೇಲಿನ ಷಡ್ಜಕ್ಕೆ ಬಂದರೆ ಕಂಪನ ಇಮ್ಮಡಿ, ಇಲ್ಲಿ ಹತ್ತು ಮಡಿ. ಎರಡರಲ್ಲೂ ಕೂಡಿಸುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುವುದು. ಕಿವಿ, ಕಣ್ಣು, ಚರ್ಮ ಎಲ್ಲವೂ ಲೋಕವನ್ನು ಹೆಚ್ಚುಕಡಿಮೆ ಹಾಗೆಯೇ ಅಳೆಯುತ್ತವೆ: ಎಷ್ಟು ಹೆಚ್ಚಾಯಿತು ಎಂದಲ್ಲ, ಎಷ್ಟು ಪಟ್ಟು ಆಯಿತು ಎಂದು. 10 ಓಮಿನಿಂದ ಹತ್ತು ಲಕ್ಷ ಓಮಿನವರೆಗೆ ಐದು ಆವರ್ತ, ಆವರ್ತಕ್ಕೆ ಹನ್ನೆರಡು, ಕೊನೆಯಲ್ಲಿ ಒಂದು. ಅರವತ್ತೊಂದು ಖಾನೆಗಳಲ್ಲಿ ರೋಧದ ಲೋಕವೆಲ್ಲ ಬಂದು ಕೂತುಕೊಳ್ಳುತ್ತದೆ.

ಖಾನೆ ಮುಚ್ಚಿದ ಮೇಲೆ ಒಳಗೆ ಎಲ್ಲವೂ ತಣ್ಣಗೆ ಮಲಗಿದೆ ಎಂದುಕೊಳ್ಳುತ್ತೇವೆ. ಹಾಗಿಲ್ಲ. 1928ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಜಾನ್ ಜಾನ್ಸನ್, ಯಾವುದಕ್ಕೂ ಜೋಡಿಸದ, ಬ್ಯಾಟರಿಯ ಮುಖವನ್ನೇ ಕಾಣದ ರೆಸಿಸ್ಟರಿನ ಎರಡು ತುದಿಗಳ ನಡುವೆಯೂ ಒಂದು ಅತಿ ಸಣ್ಣ ವಿದ್ಯುತ್ ಒತ್ತಡ ಎಡೆಬಿಡದೆ ತುಯ್ದಾಡುತ್ತಿರುತ್ತದೆ ಎಂದು ಅಳೆದು ತೋರಿಸಿದ. ಅಲ್ಲೇ ಇದ್ದ ಹ್ಯಾರಿ ನೈಕ್ವಿಸ್ಟ್ ಅದರ ಲೆಕ್ಕವನ್ನು ಬಿಡಿಸಿದ. ಇಬ್ಬರೂ ಸ್ವೀಡನ್ನಿನಲ್ಲಿ ಹುಟ್ಟಿ ಅಷ್ಟು ದೂರ ಬಂದವರು. ಆ ತುಯ್ದಾಟಕ್ಕೆ ಕಾರಣ ಬೇರೇನೂ ಅಲ್ಲ, ಬಿಸಿ. ಈ ಕೋಣೆಯಲ್ಲಿ, ಈ ಮೇಜಿನಲ್ಲಿ, ನನ್ನ ಬೆರಳಿನಲ್ಲಿ ಇರುವ ಅದೇ ಬಿಸಿ ಒಳಗಿನ ಎಲೆಕ್ಟ್ರಾನುಗಳನ್ನು ಸುಮ್ಮನೆ ಇರಗೊಡುವುದಿಲ್ಲ. ಹತ್ತು ಲಕ್ಷ ಓಮಿನ ಒಂದು ರೆಸಿಸ್ಟರಿನಲ್ಲಿ, ಮನುಷ್ಯರ ಕಿವಿಗೆ ನಿಲುಕುವ ಕಂಪನಗಳ ಹರವಿನೊಳಗೆ, ಅದು 18 ಮೈಕ್ರೋವೋಲ್ಟಿನಷ್ಟು. ಇಂಗಾಲದ್ದೋ, ಲೋಹದ್ದೋ, ಉಪ್ಪುನೀರಿನ ದ್ರಾವಣವೋ, ರೋಧ ಒಂದೇ ಆಗಿದ್ದು ಬಿಸಿಯೂ ಒಂದೇ ಇದ್ದರೆ ಆ ತುಯ್ದಾಟವೂ ಅಷ್ಟೇ, ಯಾವ ವಸ್ತುವಿನಿಂದ ಮಾಡಿದ್ದು ಎಂಬುದನ್ನು ಅದು ಕೇಳುವುದೇ ಇಲ್ಲ. ಇದನ್ನು ತಿಳಿದ ಮೇಲೆ ರಾತ್ರಿ ದೀಪ ಆರಿಸಿ ಬಾಗಿಲು ಎಳೆದುಕೊಳ್ಳುವಾಗ ಆ ಕೋಣೆ ನನಗೆ ಬೇರೆಯೇ ಆಗಿ ತೋರುತ್ತದೆ. ಅರವತ್ತೊಂದು ಖಾನೆಗಳಲ್ಲಿ ಸಾವಿರಾರು ಮೈಗಳು, ಒಂದೊಂದೂ ತನ್ನ ಬೆಲೆಗೆ ತಕ್ಕ ಶ್ರುತಿಯಿಲ್ಲದ ಮಿಡಿತದಲ್ಲಿ, ಕೋಣೆ ಬೆಚ್ಚಗಿರುವಷ್ಟು ಕಾಲವೂ. ಮತ್ತು ಕೋಣೆಯೊಂದು ಪೂರ್ತಿ ತಣ್ಣಗಾಗುವುದು ಎಂಬುದೇ ಇಲ್ಲ.

ಕೆಪ್ಯಾಸಿಟರುಗಳದು ಇನ್ನೊಂದು ಬಗೆ. ಬಟಾಣಿಗಿಂತ ಚಪ್ಪಟೆಯಾದ ಮಣ್ಣುಬಣ್ಣದ ಸೆರಾಮಿಕ್ ಬಿಲ್ಲೆಗಳ ಮೇಲೆ 104 ಎಂದಷ್ಟೇ ಬರೆದಿರುತ್ತದೆ. 10ರ ಮುಂದೆ ನಾಲ್ಕು ಸೊನ್ನೆ, ಅಷ್ಟು ಪಿಕೋಫ್ಯಾರಡ್. ಇವುಗಳಲ್ಲಿ ಹೆಚ್ಚಿನವುಗಳ ಒಳಗಿರುವುದು ಬೇರಿಯಂ ಟೈಟನೇಟ್ ಎಂಬ ಹರಳು, ಮತ್ತು ಆ ಹರಳಿಗೆ ವಯಸ್ಸಾಗುತ್ತದೆ. ಬಳಸಿ ಸವೆಯುವ ವಯಸ್ಸಲ್ಲ, ಖಾನೆಯಲ್ಲಿ ಸುಮ್ಮನೆ ಕೂತಿದ್ದರೂ ಏರುವ ವಯಸ್ಸು. ಕುಲುಮೆಯಿಂದ ಹೊರಬಂದು ತಣಿದ ಮೇಲೆ ಒಳಗಿನ ಸೂಕ್ಷ್ಮ ವಲಯಗಳು ನಿಧಾನವಾಗಿ ಒಂದಕ್ಕೊಂದು ಹೊಂದಿಕೊಳ್ಳುತ್ತಾ, ಅಲ್ಲಾಡಲಾರದಂತೆ ನೆಲೆಗೊಳ್ಳುತ್ತಾ ಹೋಗುತ್ತವೆ, ವಿದ್ಯುತ್ತನ್ನು ಹಿಡಿದಿಡುವ ಶಕ್ತಿ ಅಷ್ಟಷ್ಟೇ ಕುಗ್ಗುತ್ತದೆ. ಈ ಕುಗ್ಗುವಿಕೆಯ ಲಯ ಕೂಡ ಗುಣಾಕಾರದ್ದೇ: ಹತ್ತನೆಯ ಗಂಟೆಯಿಂದ ನೂರನೆಯ ಗಂಟೆಯವರೆಗೆ ಎಷ್ಟು ಕಳೆಯಿತೋ ನೂರರಿಂದ ಸಾವಿರಕ್ಕೂ ಅಷ್ಟೇ, ಸಾವಿರದಿಂದ ಹತ್ತು ಸಾವಿರಕ್ಕೂ ಅಷ್ಟೇ, ಅಲ್ಲಿಂದ ಲಕ್ಷ ಗಂಟೆಗೆ, ಅಂದರೆ ಹನ್ನೊಂದು ವರ್ಷ ದಾಟಿದ ಮೇಲೂ, ಅಷ್ಟೇ. ವಯಸ್ಸು ಏರಿದಂತೆ ವಯಸ್ಸಾಗುವುದೇ ನಿಧಾನವಾಗುತ್ತದೆ. ಇನ್ನೂ ಬೆರಗಿನದು ಮುಂದಿದೆ. ಎಂದಾದರೊಂದು ದಿನ ಅದನ್ನು ಹೊರತೆಗೆದು ಬೋರ್ಡಿಗೆ ಬೆಸುಗೆ ಹಾಕಿದಾಗ, ಬಿಸಿ ಸುಮಾರು 125 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಹರಳಿನ ಕಟ್ಟಣೆಯೇ ಬದಲಾಗಿ, ಆ ವಲಯಗಳೆಲ್ಲ ಕರಗಿ, ತಣಿಯುವಾಗ ಮತ್ತೆ ಹೊಸದಾಗಿ ಹುಟ್ಟುತ್ತವೆ. ಖಾನೆಯಲ್ಲಿ ಕಳೆದ ವರ್ಷಗಳ ಗುರುತು ಅದರ ಮೈಯಲ್ಲಿ ಉಳಿಯುವುದಿಲ್ಲ. ಗಡಿಯಾರ ಮತ್ತೆ ಮೊದಲ ಗಂಟೆಯಿಂದ ಶುರು. ಬೆಸುಗೆಯ ತುದಿಯಲ್ಲಿ ತವರ ಹೊಳೆದು ಹರಿಯುವ ಆ ಎರಡು ಮೂರು ಸೆಕೆಂಡುಗಳಲ್ಲಿ ಇಷ್ಟೆಲ್ಲ ನಡೆದುಹೋಗುತ್ತದೆ, ನಾವು ಹೊಗೆ ಕಣ್ಣಿಗೆ ಹೋಗದ ಹಾಗೆ ಮುಖ ತಿರುಗಿಸಿಕೊಂಡಿರುತ್ತೇವೆ.

ಅಲ್ಯೂಮಿನಿಯಂ ಡಬ್ಬಿಯ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರುಗಳನ್ನು ನಾನು ಬೆಚ್ಚನೆಯ ಕಡೆ ಇಡುವುದಿಲ್ಲ, ಒಳಗಿನ ದ್ರವ ಆರಿಹೋಗುತ್ತದೆ. ಅವುಗಳ ಹೊಟ್ಟೆಯಲ್ಲಿರುವ ಆಕ್ಸೈಡ್ ಪೊರೆ ಒಂದು ವೋಲ್ಟಿಗೆ ಒಂದೂವರೆ ನ್ಯಾನೋಮೀಟರಿನ ಆಸುಪಾಸು ದಪ್ಪ, ಅಷ್ಟೇ. ಬಹುಕಾಲ ಬಳಸದೆ ಇಟ್ಟರೆ ಆ ಪೊರೆ ಅಲ್ಲಲ್ಲಿ ಸೊರಗುತ್ತದೆ. ಆಮೇಲೆ ಒಮ್ಮೆಗೇ ಪೂರ್ತಿ ವಿದ್ಯುತ್ತು ಕೊಡಬಾರದು, ದೊಡ್ಡ ರೆಸಿಸ್ಟರೊಂದರ ಮೂಲಕ ತೊಟ್ಟು ತೊಟ್ಟಾಗಿ ಏರಿಸಬೇಕು. ಹಾಗೆ ಏರಿಸುವಾಗ ಪೊರೆ ತನ್ನ ಗಾಯವನ್ನು ತಾನೇ ಮುಚ್ಚಿಕೊಳ್ಳುತ್ತದೆ. ಸೋರುವ ವಿದ್ಯುತ್ತನ್ನು ತೋರುವ ಮೀಟರಿನ ಅಂಕಿ ಗಂಟೆಗಟ್ಟಲೆ ಇಳಿಯುತ್ತಾ ಹೋಗುವುದನ್ನು ನೋಡುತ್ತಾ ಕೂರುವುದಕ್ಕಿಂತ ಹೆಚ್ಚಿನ ಸಮಾಧಾನ ಈ ಕೋಣೆಯಲ್ಲಿ ನನಗೆ ಬೇರೆ ಸಿಕ್ಕಿಲ್ಲ.

ಈಗೀಗ ಬರುವ ಸಣ್ಣವು ಇವಕ್ಕಿಂತಲೂ ಸಣ್ಣವು. 1 ಮಿಲಿಮೀಟರ್ ಉದ್ದ, ಅರ್ಧ ಮಿಲಿಮೀಟರ್ ಅಗಲದ ಸೆರಾಮಿಕ್ ಕೆಪ್ಯಾಸಿಟರುಗಳು ಕಾಗದದ ಪಟ್ಟಿಯ ಗುಳಿಗಳಲ್ಲಿ ಒಂದೊಂದಾಗಿ ಮಲಗಿ ಬರುತ್ತವೆ. ಅವುಗಳ ಮೈಮೇಲೆ ಅಂಕಿಯಿಲ್ಲ, ಗೆರೆಯಿಲ್ಲ, ಬಣ್ಣದ ಗುರುತಿಲ್ಲ. ಹೆಸರು ಇರುವುದು ಪಟ್ಟಿಯ ಮೇಲೆ, ಇಲ್ಲವೇ ಅದನ್ನಿಟ್ಟ ಡಬ್ಬಿಯ ಮೇಲೆ. ಗುಳಿಯಿಂದ ಜಾರಿ ಮೇಜಿನ ಮೇಲೆ ಬಿದ್ದರೆ, ಅದು ಯಾವುದೆಂದು ಬರಿಗಣ್ಣಿಗೆ ತಿಳಿಯುವಂತಿಲ್ಲ. ಇಷ್ಟು ಸಣ್ಣದರ ಒಳಗೆ ಒಂದರ ಮೇಲೊಂದು ಲೋಹ ಮತ್ತು ಸೆರಾಮಿಕ್ಕಿನ ಹತ್ತಾರು, ಕೆಲವದರಲ್ಲಿ ನೂರಾರು, ಪದರಗಳಿರುತ್ತವೆ. ಉಸಿರು ಬಿಗಿಹಿಡಿದು ಚಿಮಟದಿಂದ ಎತ್ತುವಾಗ, ಉಸಿರಾಡಿದರೆ ಹಾರಿಹೋಗುವಂಥ ಈ ಚೂರಿಗೂ ಒಂದು ಮನೆ ಬೇಕಲ್ಲ, ಆ ಮನೆಯಿಂದಲೇ ಅಲ್ಲವೇ ಇದು ಇದಾಗಿರುವುದು ಎನ್ನಿಸಿ, ಚೀಟಿಯ ಅಕ್ಷರವನ್ನು ಇನ್ನೊಮ್ಮೆ ತಿದ್ದಿ ಬರೆಯುತ್ತೇನೆ.

ಕೈಗಡಿಯಾರದ ಸ್ಫಟಿಕಗಳನ್ನು ಹಳೆಯ ಫೋಟೋ ರೀಲಿನ ಡಬ್ಬಿಯಲ್ಲಿ, ಹತ್ತಿ ಹಾಸಿ ಇಟ್ಟಿದ್ದೇನೆ. ಬೆಳ್ಳಿಬಣ್ಣದ ಪುಟ್ಟ ಕೊಳವೆ, ಒಳಗೆ ಗಾಳಿ ತೆಗೆದ ಟೊಳ್ಳಿನಲ್ಲಿ ಎರಡು ಕವಲಾಗಿ ಸೀಳಿದ ಸ್ಫಟಿಕ ಶಿಲೆಯ ಚೂರು. ಒತ್ತಿದರೆ ವಿದ್ಯುತ್ತು ಕೊಡುವ ಗುಣ ಇಂಥ ಹರಳುಗಳಿಗಿದೆ ಎಂದು 1880ರಲ್ಲಿ, ವಿದ್ಯುತ್ತು ಕೊಟ್ಟರೆ ಮೈ ನಡುಗಿಸುವ ಗುಣವೂ ಇದೆ ಎಂದು ಮರುವರ್ಷ ಕಂಡವರು ಜಾಕ್ ಮತ್ತು ಪಿಯರ್ ಕ್ಯೂರಿ ಎಂಬ ಅಣ್ಣತಮ್ಮಂದಿರು. ಈ ಕವಲು ಸೆಕೆಂಡಿಗೆ 32,768 ಸಲ ನಡುಗುವ ಹಾಗೆ ಕಡೆದಿರುತ್ತಾರೆ. ಅದನ್ನು ಅರ್ಧ ಮಾಡಿ, ಮತ್ತೆ ಅರ್ಧ ಮಾಡಿ, ಹೀಗೆ ಹದಿನೈದು ಸಲ ಅರ್ಧ ಮಾಡುತ್ತಾ ಬಂದರೆ ಕೊನೆಯಲ್ಲಿ ಉಳಿಯುವುದು ಒಂದೇ ಒಂದು, ಸೆಕೆಂಡಿಗೊಂದು. ಬೆಟ್ಟದ ಬಂಡೆಯಲ್ಲೂ ಹೊಳೆಯ ಮರಳಲ್ಲೂ ಇರುವ ಅದೇ ಸ್ಫಟಿಕ. ಅದರೊಳಗೆ ಸೆಕೆಂಡು ಎಂಬುದು ಹೀಗೆ ಮಡಚಿ ಕೂತಿತ್ತು ಎಂಬುದನ್ನು ಯೋಚಿಸಿದಷ್ಟೂ ಯೋಚನೆ ಮುಗಿಯುವುದಿಲ್ಲ.

ಎಲ್‌ಇಡಿಗಳನ್ನು ಬಿಡಿಸಲು ಸಂಜೆಯೇ ಸರಿ. ತಿಳಿಗಾಜಿನಂಥ ತಲೆಯವು ಉರಿಯದೆ ಇದ್ದಾಗ ಎಲ್ಲವೂ ಒಂದೇ ಥರ. ದೀಪ ಆರಿಸಿ, ಮಲ್ಟಿಮೀಟರಿನ ಎರಡು ಮೊನೆಗಳನ್ನು ಕಾಲುಗಳಿಗೆ ತಾಗಿಸಿದರೆ, ಒಂದು ಕೆಂಪಾಗಿ ಮಿಣುಗುತ್ತದೆ, ಒಂದು ಹಸಿರಾಗಿ, ಒಂದು ಇರುವುದೋ ಇಲ್ಲವೋ ಎಂಬಷ್ಟು ಮಂದವಾದ ನೀಲಿಯಾಗಿ. ಕೆಂಪಿಗೆ 2 ವೋಲ್ಟಿನೊಳಗೆ ಸಾಕು, ನೀಲಿಗೆ 3ರ ಹತ್ತಿರ ಬೇಕು. ಬಣ್ಣವೆಂದರೆ ಒಳಗಿನ ಹರಳಿನಲ್ಲಿ ಎಲೆಕ್ಟ್ರಾನು ಧುಮುಕುವ ಎತ್ತರ. ಕೆಂಪು 1962ರಲ್ಲೇ ಬಂತು. ಆ ನೀಲಿಯ ಎತ್ತರಕ್ಕೆ ತಕ್ಕ ಗ್ಯಾಲಿಯಂ ನೈಟ್ರೈಡ್ ಹರಳನ್ನು ಒಲಿಸಿಕೊಳ್ಳಲು ಇನ್ನೂ ಮೂವತ್ತು ವರ್ಷ ಹಿಡಿಯಿತು, ಅಕಸಾಕಿ, ಅಮಾನೊ, ನಕಮುರ ಅವರಿಗೆ ಅದಕ್ಕಾಗಿ 2014ರ ನೊಬೆಲ್ ಬಂತು. ಕತ್ತಲೆಗೆ ಕಣ್ಣು ಒಗ್ಗಿ, ಮೊನೆ ತಾಗಿಸಿದ ಕ್ಷಣ ಆ ಸಾಸಿವೆಯಷ್ಟು ನೀಲಿ ಕಂಡಾಗ, ಅಷ್ಟೊಂದು ಕಾಲ ಅದನ್ನು ಹುಡುಕಿದವರ ಮೇಲೆ ನನಗೆ ತಡೆಯಲಾರದ ಪ್ರೀತಿ ಹುಟ್ಟುತ್ತದೆ.

ಹಳೆಯ ಜರ್ಮೇನಿಯಂ ಡಯೋಡೊಂದನ್ನು ಭೂತಗನ್ನಡಿಯ ಕೆಳಗೆ ಹಿಡಿಯಿರಿ. ಗಾಜಿನ ಕೊಳವೆಯೊಳಗೆ ಕೂದಲಿನಂಥ ತಂತಿಯೊಂದು ಬಳುಕಿ ಬಂದು ಹರಳಿನ ಚೂರನ್ನು ತುದಿಯಲ್ಲಷ್ಟೇ ಮುಟ್ಟಿರುವುದು ಕಾಣುತ್ತದೆ. ಹರಳಿಗೆ ಲೋಹದ ಮೊನೆ ತಾಗಿಸಿ ಕಾಣದ ಅಲೆಯನ್ನು ಹಿಡಿಯುವ ಈ ಉಪಾಯಕ್ಕೆ, ಸೀಸದ ಅದಿರಾದ ಗೆಲಿನಾ ಹರಳನ್ನು ಬಳಸಿ, 1901ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದವರು ಕೋಲ್ಕತ್ತದ ಜಗದೀಶಚಂದ್ರ ಬೋಸ್. 1904ರಲ್ಲಿ ಅದು ಅಮೆರಿಕದಲ್ಲಿ ಮಂಜೂರಾಯಿತು. ಅದರ ಪಕ್ಕದ ಖಾನೆಯಲ್ಲಿ, ಕಪ್ಪು ಫೋಮಿಗೆ ಚುಚ್ಚಿ ನಿಲ್ಲಿಸಿದ ಕೆಲವು ಲೋಹದ ಟೋಪಿಯ ಟ್ರಾನ್ಸಿಸ್ಟರುಗಳಿವೆ, ಎಸಿ128, ಮೈಮೇಲೆ ಬಿಇಎಲ್ ಎಂಬ ಅಕ್ಷರ ಇನ್ನೂ ಅಳಿಸಿಲ್ಲ. 1954ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲಿ ಮಾಡಿದವು, ಯಾವುದೋ ಮನೆಯ ರೇಡಿಯೋದಲ್ಲಿ ಪ್ರದೇಶ ಸಮಾಚಾರವನ್ನೂ ಕೃಷಿರಂಗವನ್ನೂ ದೊಡ್ಡದು ಮಾಡಿ ಕೇಳಿಸಿದವು. ಇವುಗಳ ಒಳಗಿರುವುದೂ ಜರ್ಮೇನಿಯಮ್ಮೇ.

ಈ ಜರ್ಮೇನಿಯಂ ಇದೆಯಲ್ಲ, ಅದು ಮೊದಲು ಇದ್ದದ್ದು ಒಂದು ಖಾಲಿ ಖಾನೆಯಾಗಿ. ರಷ್ಯದ ಮೆಂಡಲೀವ್ ಮೂಲವಸ್ತುಗಳನ್ನೆಲ್ಲ ಸಾಲುಸಾಲಾಗಿ ಜೋಡಿಸುತ್ತಾ ಹೋದಾಗ ಸಿಲಿಕಾನಿನ ಕೆಳಗೆ ಕೂರಬೇಕಾದದ್ದು ಯಾವುದೂ ಕೈಯಲ್ಲಿರಲಿಲ್ಲ. ಕೆಳಗಿನದನ್ನು ಮೇಲೆ ಸರಿಸಿ ಜಾಗ ತುಂಬಿಸಿಬಿಡಬಹುದಿತ್ತು. ಆತ ಹಾಗೆ ಮಾಡಲಿಲ್ಲ. ಜಾಗವನ್ನು ಹಾಗೇ ಬಿಟ್ಟು, ಏಕಸಿಲಿಕಾನ್ ಎಂದು ಹೆಸರಿಟ್ಟು, 1871ರಲ್ಲಿ ಅದರ ಚಹರೆಯನ್ನೂ ಬರೆದಿಟ್ಟ: ಬೂದುಬಣ್ಣದ ಲೋಹ, ಪರಮಾಣು ತೂಕ 72ರ ಸುಮಾರು, ಸಾಂದ್ರತೆ 5.5. ಹದಿನೈದು ವರ್ಷದ ಮೇಲೆ, 1886ರಲ್ಲಿ, ಜರ್ಮನಿಯ ಕ್ಲೆಮೆನ್ಸ್ ವಿಂಕ್ಲರ್ ಬೆಳ್ಳಿಯ ಅದಿರೊಂದನ್ನು ಬಿಡಿಸುವಾಗ, ಲೆಕ್ಕದಲ್ಲಿ ನೂರಕ್ಕೆ ಏಳರಷ್ಟು ಏನೋ ಕಡಿಮೆ ಬೀಳುತ್ತಲೇ ಇದ್ದದ್ದನ್ನು ಬಿಡದೆ ಹುಡುಕಿ ಅದನ್ನು ಹೊರತೆಗೆದ. ಇಂದಿನ ಅಳತೆಯಲ್ಲಿ ಅದರ ತೂಕ 72.63, ಸಾಂದ್ರತೆ 5.3ರ ಆಸುಪಾಸು. ಇನ್ನೂ ಯಾರೂ ಕಾಣದ ಒಂದು ವಸ್ತುವಿಗೆ, ಅದು ಬರುತ್ತದೆ ಎಂದು ನಂಬಿ, ಅಕ್ಕಪಕ್ಕದವರ ಗುಣದಿಂದಲೇ ಅದರ ಗುಣವನ್ನು ಊಹಿಸಿ, ಜಾಗ ಕಾದಿರಿಸಿದ ಆ ಮನಸ್ಸನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಅಚ್ಚುಕಟ್ಟು ಮಾಡುವುದು ಎಂದರೆ ಇದ್ದದ್ದನ್ನು ಎತ್ತಿಡುವುದಷ್ಟೇ ಎಂದುಕೊಂಡವರಿಗೆ ಆ ಖಾಲಿ ಜಾಗ ಕೊರತೆಯಾಗಿ ಕಂಡಿರಬಹುದು.

ಆಯುಧಪೂಜೆಯ ದಿನ ಅಮ್ಮ ತಟ್ಟೆ ಹಿಡಿದು ಈ ಕೋಣೆಗೂ ಬರುತ್ತಾರೆ. ಐರನ್ನಿನ ಹಿಡಿಕೆಗೆ, ಮೀಟರಿಗೆ, ಕಟಿಂಗ್ ಪ್ಲೇಯರಿಗೆ ಅರಿಸಿನ ಕುಂಕುಮ ಇಟ್ಟು ಸೇವಂತಿಗೆ ಸಿಕ್ಕಿಸುತ್ತಾರೆ. ಕಳೆದ ಸಲ ಖಾನೆಗಳ ಮುಂದೆ ನಿಂತು, “ಇವಿಷ್ಟಕ್ಕೂ ಇಡಬೇಕೇನೋ?” ಎಂದರು. ಮೇಲಿನ ಸಾಲಿಗೆ ಒಂದಿಟ್ಟರೆ ಸಾಕಮ್ಮ ಎಂದೆ. ಅವರು ಕೇಳಲಿಲ್ಲ, ಬೆರಳ ತುದಿಯಿಂದ ಒಂದೊಂದಕ್ಕೂ ಇಡುತ್ತಾ ಬಂದರು, ನಡುವೆ ಒಂದನ್ನು ಎಳೆದು ನೋಡಿ, “ಇದರಲ್ಲಿ ಏನೂ ಇಲ್ವಲ್ಲೋ” ಎಂದು, ಅದಕ್ಕೂ ಇಟ್ಟು ಮುಂದೆ ಹೋದರು.

ಅದು 82 ಕಿಲೋ ಓಮಿನ ಖಾನೆ. ಸಾಲಿನ ಕೊನೆಯ ಸ್ವರ, ಕೇಳುವವರು ಕಡಿಮೆ, ಹಾಗಾಗಿ ಸಣ್ಣ ಅಂಗಡಿಗಳಲ್ಲಿ ಇಟ್ಟಿರುವುದೂ ಕಡಿಮೆ. 68 ಮತ್ತು 100ರ ನಡುವೆ ಚೀಟಿ ಅಂಟಿಸಿ ಹಾಗೇ ಬಿಟ್ಟಿದ್ದೇನೆ. ಅದರ ಗೆರೆಗಳು ಬೂದು, ಕೆಂಪು, ಕಿತ್ತಳೆ ಎಂಬುದು ಗೊತ್ತು. ಮುಂದಿನ ಸಲ ಎಸ್.ಪಿ. ರಸ್ತೆಗೆ ಹೋದಾಗ ಒಳಗಿನ ಓಣಿಯ ಹಳೆಯ ಅಂಗಡಿಯಲ್ಲಿ ಕೇಳಬೇಕು, 39 ಓಮಿನವೂ ಇದ್ದರೆ ಒಂದಿಷ್ಟು ತರಬೇಕು.